ಜಾಲನಾದಿಂದ 14416ರ ತನಕ: ಕಾಳಗಿಯ ವಿದ್ಯಾರ್ಥಿಗೆ ಮನಸ್ಸಿನ ಡಾಕ್ಟರ್ ಎಷ್ಟು ದೂರ?

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಇದರಲ್ಲಿ ವಿದ್ಯಾರ್ಥಿಗಳ ಆತ್ಮಹತ್ಯೆಯ ಪ್ರಸ್ತಾಪ ಇದೆ. ಓದುವಾಗ ಮನಸ್ಸಿಗೆ ಭಾರ ಅನಿಸಿದರೆ ಇಲ್ಲಿಗೇ ನಿಲ್ಲಿಸಿ, 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಸರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.)

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರೋರಿಗೆ, ಹಾಸ್ಟೆಲ್ ರೂಮಿನಲ್ಲಿ ಇಯರ್‌ಫೋನ್ ಹಾಕ್ಕೊಂಡು ಮಲಗಿರೋರಿಗೆ, ತೊಗರಿ ಹೊಲದ ಬದುವಿನ ಮೇಲೆ ನೆಟ್‌ವರ್ಕ್ ಹುಡುಕ್ತಾ ನಿಂತಿರೋರಿಗೆ, ಎಲ್ಲರಿಗೂ ಸ್ವಾಗತ.

ನಮ್ಮ ಭಾಗದ ಚರಿತ್ರೆ ಅಂದ ಕೂಡಲೇ ಮಳಖೇಡದ ರಾಷ್ಟ್ರಕೂಟರು, ಸನ್ನತಿಯ ಅಶೋಕನ ಶಾಸನ ನೆನಪಾಗ್ತವೆ. ಇವತ್ತಿನ ಕಥೆ ಅಷ್ಟು ಹಳೆಯದಲ್ಲ. ಇದರಲ್ಲಿ ರಾಜರಿಲ್ಲ, ಯುದ್ಧವೂ ಇಲ್ಲ. ಇರೋದು ಒಂದೇ ಪ್ರಶ್ನೆ. ಕಾಳಗಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಕಡೆಯ ಒಬ್ಬ ಕಾಲೇಜು ಹುಡುಗನಿಗೋ ಹುಡುಗಿಗೋ ರಾತ್ರಿ ನಿದ್ದೆ ಹತ್ತದಾಗ, ಓದಿದ್ದು ತಲೆಗೆ ಹೋಗದಾಗ, ಯಾರ ಜೊತೆಗೂ ಮಾತು ಬ್ಯಾಡ ಅನಿಸಿದಾಗ, ಸಹಾಯ ಎಷ್ಟು ದೂರದಲ್ಲಿತ್ತು? ನೂರು ವರ್ಷದ ಹಿಂದೆ ಎಷ್ಟು ದೂರ? ಐವತ್ತು ವರ್ಷದ ಹಿಂದೆ? ಈಗ?

ಈ ದೂರವನ್ನ ಅಳೀತಾ ಹೋದರೆ ಒಂದು ಚರಿತ್ರೆ ಸಿಗ್ತದೆ. ಬರ್ರಿ, ಶುರು ಮಾಡೋಣ.

ಎರಡು ರೈಲು ಹತ್ತಿ ಜಾಲನಾಕ್ಕೆ

1948ರ ಸೆಪ್ಟೆಂಬರ್ 17ರ ತನಕ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ವಿ. ಅದು ಎಲ್ಲರಿಗೂ ಗೊತ್ತು. ಆ ಸಂಸ್ಥಾನದ ಮಾನಸಿಕ ಆಸ್ಪತ್ರೆ ಎಲ್ಲಿತ್ತು ಅಂತ ಕೇಳಿದರೆ ಹೆಚ್ಚಿನವರು ಹೈದರಾಬಾದ್ ಅಂತಾರೆ. ಆದರೆ ಅದು ಇದ್ದದ್ದು ಜಾಲನಾದಲ್ಲಿ. ಈಗಿನ ಮಹಾರಾಷ್ಟ್ರದ ಮರಾಠವಾಡದಲ್ಲಿ, ಔರಂಗಾಬಾದ್ ಪಕ್ಕ. 19ನೇ ಶತಮಾನದ ಕೊನೆಗೆ ಜೈಲಿನ ಆವರಣದಲ್ಲಿ ಶುರುವಾದ ವ್ಯವಸ್ಥೆ ಅದು. ಆಮೇಲೆ ಜಾಲನಾಕ್ಕೆ ಹೋಯ್ತು. ಹೈದರಾಬಾದಿನ ಎರ್ರಗಡ್ಡಕ್ಕೆ ಆಸ್ಪತ್ರೆ ಬಂದದ್ದು ಸ್ವಾತಂತ್ರ್ಯದ ನಂತರ, 1953ರಲ್ಲಿ.

ಸೇಡಂನಿಂದ ಜಾಲನಾಕ್ಕೆ ಹೆಂಗ ಹೋಗಬೇಕಿತ್ತು? ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಳಿ ಬಿದ್ದದ್ದು 1874ರಲ್ಲಿ. ಚಿತ್ತಾಪುರ, ಮಳಖೇಡ ರೋಡ್, ಸೇಡಂ ಎಲ್ಲಾ ಅದೇ ದಾರಿಯಲ್ಲಿವೆ. ಸಿಕಂದರಾಬಾದಿನಲ್ಲಿ ಇಳಿದು, ಅಲ್ಲಿಂದ ಮನಮಾಡ ಕಡೆ ಹೋಗುವ ಮೀಟರ್ ಗೇಜ್ ಗಾಡಿ ಹತ್ತಿ, ನಾಂದೇಡ, ಪರಭಣಿ ದಾಟಿ ಜಾಲನಾ. ಕಾಳಗಿ ಕಡೆಯವರಾದರೆ ಅದಕ್ಕೂ ಮೊದಲು ರೈಲು ನಿಲ್ದಾಣದ ತನಕ ಎತ್ತಿನ ಗಾಡಿ. ಮೈಮೇಲೆ ಎಚ್ಚರ ಇಲ್ಲದ ಮಗನನ್ನೋ ಮಗಳನ್ನೋ ಕರ್ಕೊಂಡು ಒಂದು ಬಡ ಮನೆ ಇಷ್ಟು ದೂರ ಹೋಗಿ ಬರೋದು ಸಾಧ್ಯವಿತ್ತಾ ಅಂತ ನೀವೇ ಯೋಚನೆ ಮಾಡ್ರಿ.

ಹಂಗಂತ ಮನೆಯವರು ಸುಮ್ಮನೆ ಕೈಕಟ್ಟಿ ಕೂತಿರಲಿಲ್ಲ. ಕಲಬುರಗಿಯ ಬಂದೇನವಾಜ್ ದರ್ಗಾಕ್ಕೆ ಹೋಗ್ತಿದ್ದರು, ಗಾಣಗಾಪುರದ ದತ್ತನ ಗುಡಿಗೆ ಹೋಗ್ತಿದ್ದರು, ರೇವಗ್ಗಿಯ ರೇವಣಸಿದ್ಧೇಶ್ವರನಿಗೆ ಹರಕೆ ಹೊರ್ತಿದ್ದರು. ಇವತ್ತೂ ಹೋಗ್ತಾರೆ. ಅದನ್ನ ನೋಡಿ ನಗೋದು ಸುಲಭ. ಆದರೆ ಅಲ್ಲಿ ಏನು ಸಿಗ್ತಿತ್ತು ಅನ್ನೋದನ್ನೂ ನೋಡಬೇಕು. ನಿಮ್ಮ ಮನೆ ಮಾತಿನಲ್ಲೇ ಕಷ್ಟ ಹೇಳಿಕೊಳ್ಳಬಹುದು. ಜೊತೆಗೆ ಮನೆಯವರು ಇರ್ತಾರೆ. ಯಾರೂ ಹೆಸರು ಬರೆದುಕೊಂಡು ಒಳಗೆ ಹಾಕಿ ಬೀಗ ಜಡಿಯೋದಿಲ್ಲ. ಸಿಗದೇ ಇದ್ದದ್ದು ಕಾಯಿಲೆಗೆ ಔಷಧಿ. ಹಂಗಾಗಿ ವರ್ಷಗಟ್ಟಲೆ ತಡ ಆಗ್ತಿತ್ತು.

ಬ್ರಿಟಿಷ್ ಭಾರತದ ಕಡೆ ನೋಡಿದರೂ ಕಥೆ ಭಾಳ ಬೇರೆ ಇರಲಿಲ್ಲ. 1912ರ ಇಂಡಿಯನ್ ಲೂನಸಿ ಆ್ಯಕ್ಟ್ ಪ್ರಕಾರ ಒಬ್ಬ ವ್ಯಕ್ತಿಯನ್ನ ಮ್ಯಾಜಿಸ್ಟ್ರೇಟ್ ಆದೇಶದ ಮೇಲೆ ಆಸ್ಪತ್ರೆಗೆ ಸೇರಿಸಬಹುದಿತ್ತು. ಪೊಲೀಸು, ಕೋರ್ಟು, ಬೀಗ. 'ಹುಚ್ಚಾಸ್ಪತ್ರೆ' ಅನ್ನೋ ಶಬ್ದಕ್ಕೆ ನಮ್ಮ ಅಜ್ಜ ಅಜ್ಜಿ ಯಾಕ ಅಷ್ಟು ಹೆದರ್ತಿದ್ದರು ಅಂದ್ರೆ ಇದಕ್ಕೇ. ಆ ಹೆದರಿಕೆ ಸುಳ್ಳಲ್ಲ, ಅದಕ್ಕೆ ಕಾರಣ ಇತ್ತು.

ಇನ್ನೊಂದು ಮಾತು. ಈ ವ್ಯವಸ್ಥೆ ಇದ್ದದ್ದೇ ತೀರಾ ಕೈಮೀರಿದವರಿಗೆ. ಪರೀಕ್ಷೆಯ ಭಯ, ಮನೆ ಬಿಟ್ಟು ಬಂದ ಬೇಸರ, ಏನೂ ಬ್ಯಾಡ ಅನ್ನಿಸೋ ಮನಸ್ಸು, ಇವುಗಳಿಗೆ ಆಸ್ಪತ್ರೆಯೂ ಇರಲಿಲ್ಲ, ಹೆಸರೂ ಇರಲಿಲ್ಲ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದಾಗ ಪಾಠ ನಡೀತಿದ್ದದ್ದು ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡವೋ ತೆಲುಗೋ ಲಂಬಾಣಿಯೋ ಮಾತಾಡಿ ಬೆಳೆದ ಹುಡುಗ ಅಲ್ಲಿ ಹೋಗಿ ಹೆಂಗ ಇದ್ದಿರಬಹುದು ಅಂತ ಕೇಳುವ ಕೆಲಸ ಯಾರದ್ದೂ ಆಗಿರಲಿಲ್ಲ.

ದಿಕ್ಕು ಬದಲಾಯ್ತು, ದೂರ ಉಳೀತು

1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದ್ವಿ. ಸರ್ಕಾರಿ ಲೆಕ್ಕದಲ್ಲಿ ಮನಸ್ಸಿನ ಆಸ್ಪತ್ರೆಯ ದಿಕ್ಕು ಬದಲಾಯ್ತು. ಈಗ ಪಶ್ಚಿಮಕ್ಕೆ ಧಾರವಾಡ, ದಕ್ಷಿಣಕ್ಕೆ ಬೆಂಗಳೂರು. ಧಾರವಾಡದ್ದು ಬ್ರಿಟಿಷರ ಕಾಲದ ಆಸ್ಪತ್ರೆ, ಈಗ ನಾವು ಡಿಮ್ಹಾನ್ಸ್ ಅಂತ ಕರೀತೀವಿ. ಬೆಂಗಳೂರಿನದ್ದರ ಬೇರು 1847ರ ತನಕ ಹೋಗ್ತದೆ. ಅದರ ಹೆಸರು ಬದಲಾದ ರೀತಿಯಲ್ಲೇ ಒಂದು ಚರಿತ್ರೆ ಇದೆ ನೋಡ್ರಿ. ಮೊದಲು 'ಲೂನಾಟಿಕ್ ಅಸೈಲಮ್'. 1925ರಲ್ಲಿ 'ಮೆಂಟಲ್ ಹಾಸ್ಪಿಟಲ್'. 1954ರಲ್ಲಿ ಅದರ ಜೊತೆಗೇ ಕೇಂದ್ರ ಸರ್ಕಾರದ ಒಂದು ತರಬೇತಿ ಸಂಸ್ಥೆ ಬಂತು. 1974ರ ಡಿಸೆಂಬರ್ 27ಕ್ಕೆ ಎರಡೂ ಸೇರಿ ನಿಮ್ಹಾನ್ಸ್ ಆಯ್ತು. ಕೂಡಿಹಾಕುವ ಜಾಗ ಮೊದಲು ಆಸ್ಪತ್ರೆ ಆಯ್ತು, ಆಮೇಲೆ ಡಾಕ್ಟರುಗಳನ್ನ, ಮನಃಶಾಸ್ತ್ರಜ್ಞರನ್ನ ತಯಾರು ಮಾಡುವ ಜಾಗ ಆಯ್ತು.

ಹಳೆ ಮೈಸೂರಿನ ಕಡೆ ಇನ್ನೊಂದು ಕೆಲಸ ಮೊದಲೇ ನಡೆದಿತ್ತು. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಯ್ತು. ಅದನ್ನ ಕಟ್ಟಿದವರು ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ. ಇವರ ಹೆಸರು ನಿಮಗೆ ಬೇರೆ ಕಾರಣಕ್ಕೆ ಗೊತ್ತಿರಬಹುದು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿ, ಅದಕ್ಕೆ 'ಆಕಾಶವಾಣಿ' ಅಂತ ಹೆಸರಿಟ್ಟವರು ಇವರೇ. ಮನಸ್ಸನ್ನ ಓದಿದ ಒಬ್ಬ ಮೇಷ್ಟ್ರು ಮನೆ ಮನೆಗೆ ಧ್ವನಿ ಮುಟ್ಟಿಸಲಿಕ್ಕೆ ಹೊರಟರು. ತೊಂಬತ್ತು ವರ್ಷದ ನಂತರ ಮನಸ್ಸಿನ ಕಷ್ಟಕ್ಕೆ ಸರ್ಕಾರ ಕೊಡ್ತಿರೋದೂ ಒಂದು ಧ್ವನಿಯನ್ನೇ, ಫೋನಿನಲ್ಲಿ. ಅಲ್ಲಿಗೆ ಆಮೇಲೆ ಬರ್ತೀನಿ.

ಆದರೆ ಮನಃಶಾಸ್ತ್ರ ಒಂದು ಪಾಠದ ವಿಷಯವಾಗಿ ಇರೋದು ಬೇರೆ, ವಿದ್ಯಾರ್ಥಿಯ ಮನಸ್ಸನ್ನ ಕೇಳುವ ವ್ಯವಸ್ಥೆ ಇರೋದು ಬೇರೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 1910ರಲ್ಲೇ ಸ್ಟುವರ್ಟ್ ಪೇಟನ್ ಅನ್ನೋ ಡಾಕ್ಟರ್ ವಿದ್ಯಾರ್ಥಿಗಳಿಗಾಗಿ ಮಾನಸಿಕ ಆರೋಗ್ಯ ಸೇವೆ ಶುರು ಮಾಡಿದ್ದರು. ಅಲ್ಲಿನವರು ಕಂಡ ಕಾರಣ ಭಾಳ ಸರಳ. ಓದಿನಲ್ಲಿ ಚಲೋ ಇದ್ದ ಹುಡುಗರೇ ಮನಸ್ಸಿನ ತೊಂದರೆಯಿಂದ ನಡುವೆ ಕಾಲೇಜು ಬಿಟ್ಟು ಹೋಗ್ತಿದ್ದರು. ಅಂದ್ರೆ ಈ ಸೇವೆ ಹುಟ್ಟಿದ್ದೇ 'ಹುಚ್ಚರಿಗೆ' ಅಂತ ಅಲ್ಲ, ಓದು ಬಿಡಬಾರದ ಹುಡುಗರು ಓದು ಬಿಡಬಾರದು ಅಂತ. ಈ ಮಾತನ್ನ ನೆನಪಿಟ್ಟುಕೊಂಡು ಕಲಬುರಗಿಗೆ ಬರೋಣ.

ವಿಶ್ವವಿದ್ಯಾಲಯ ಬಂತು

1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಕಲಬುರಗಿಗೆ ಬಂತು. 1980ರ ಸೆಪ್ಟೆಂಬರಿನಲ್ಲಿ ಅದೇ ಗುಲ್ಬರ್ಗ ವಿಶ್ವವಿದ್ಯಾಲಯ ಆಯ್ತು. ಕಾಳಗಿಯಿಂದ ನಲವತ್ತು ಕಿಲೋಮೀಟರ್ ಆಸುಪಾಸು. ಎಂ.ಎ. ಓದಲಿಕ್ಕೆ ಧಾರವಾಡಕ್ಕೋ ಹೈದರಾಬಾದಿಗೋ ಹೋಗಬೇಕಿದ್ದ ಹುಡುಗರಿಗೆ ಈಗ ಬಸ್ಸಿನ ದಾರಿ. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೂ ಬಂತು, ಅದರ ಕ್ಯಾಂಪಸ್ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ. ಚಿತ್ತಾಪುರ ತಾಲ್ಲೂಕಿನ ಒಳಗಿದ್ದ ಕಾಳಗಿ 2018ರ ಹೊತ್ತಿಗೆ ತಾನೇ ತಾಲ್ಲೂಕು ಕೇಂದ್ರ ಆಯ್ತು.

ಓದು ಹತ್ತಿರ ಬಂದದ್ದು ಸಣ್ಣ ಮಾತಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನ 'ಅತ್ಯಂತ ಹಿಂದುಳಿದವು' ಅಂತ ಪಟ್ಟಿ ಮಾಡಿತು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಅದರಲ್ಲಿದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ಇದ್ದರೆ ಕಲಬುರಗಿ ಜಿಲ್ಲೆಯದ್ದು ಸುಮಾರು ಶೇ 65. ಇಂಥ ಕಡೆಯಿಂದ ಡಿಗ್ರಿಗೆ ಬರುವವರಲ್ಲಿ ಎಷ್ಟೋ ಮಂದಿ ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಕಲ್ಲಿನ ಗಣಿಯಲ್ಲಿ ಕೆಲಸ ಮಾಡುವ ಅಪ್ಪ, ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದ ಅಣ್ಣ, ಸುಗ್ಗಿ ಮುಗಿದ ಮೇಲೆ ಮುಂಬೈಗೋ ಪುಣೆಗೋ ದುಡಿಯಲಿಕ್ಕೆ ಹೋಗುವ ತಾಂಡಾದ ಮನೆಮಂದಿ. ಇವರ ದುಡಿಮೆ ಎಲ್ಲಾ ಒಬ್ಬ ಮಗನ ಮೇಲೆ, ಒಬ್ಬ ಮಗಳ ಮೇಲೆ ನಿಂತಿರ್ತದೆ. ಅಂಥ ಹುಡುಗನಿಗೆ ಎರಡು ಸಬ್ಜೆಕ್ಟ್ ಉಳಿದರೆ ಅದು ಬರೀ ಎರಡು ಸಬ್ಜೆಕ್ಟ್ ಅಲ್ಲ. ಮನೆಗೆ ಫೋನ್ ಮಾಡಿ 'ಎಲ್ಲಾ ಆರಾಮ ಅದ' ಅಂತ ಸುಳ್ಳು ಹೇಳ್ತಾನೆ. ಆ ಸುಳ್ಳು ಒಳಗೇ ಬೆಳೀತದೆ.

371ಜೆ ಬಂದ ಮೇಲೆ ಇನ್ನೊಂದು ಬದಲಾವಣೆ. 2012ರ ತಿದ್ದುಪಡಿ ಕಾಯ್ದೆಯ ಮೂಲಕ ಸಂವಿಧಾನಕ್ಕೆ ಸೇರಿದ ಈ ವಿಧಿಯಿಂದ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಇಲ್ಲಿನವರಿಗೆ ಮೀಸಲು. ಇದರಿಂದ ಎಷ್ಟೋ ಮನೆಗೆ ಮೊದಲ ಡಾಕ್ಟರ್, ಮೊದಲ ಎಂಜಿನಿಯರ್ ಬಂದರು. ಆದರೆ ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗಿ ಬೆಂಗಳೂರಿನ ಇಂಗ್ಲಿಷ್ ಕ್ಲಾಸಿನಲ್ಲಿ ಹೋಗಿ ಕೂತಾಗ, ಅವಳ 'ಏನ್ರೀ', 'ಹೌದ್ರಿ' ಕೇಳಿ ಹಿಂದಿನ ಬೆಂಚು ನಕ್ಕಾಗ ಅವಳ ಜೊತೆ ನಿಲ್ಲುವವರು ಯಾರು? ಸೀಟು ಕೊಡುವ ನಿಯಮ ಇತ್ತು. ಸೀಟಿನಲ್ಲಿ ಕೂತ ಮೇಲೆ ಕೇಳುವ ಮನುಷ್ಯನ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.

2016ರ ಜನವರಿ 17ಕ್ಕೆ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ತೀರಿಕೊಂಡಾಗ ದೇಶ ಈ ಪ್ರಶ್ನೆಯನ್ನ ಇನ್ನೂ ಗಟ್ಟಿಯಾಗಿ ಕೇಳಿತು. ಕ್ಯಾಂಪಸ್ಸಿನಲ್ಲಿ ಭೇದಭಾವ ತಡೆಯಬೇಕು ಅಂತ ಯುಜಿಸಿ 2012ರಲ್ಲೇ ನಿಯಮ ಮಾಡಿತ್ತು. ನಿಯಮ ಕಾಗದದ ಮೇಲಿತ್ತು. ವಿದ್ಯಾರ್ಥಿಯ ಸಂಕಟಕ್ಕೆ ಕಾರಣ ಹೊರಗೆ, ಜಾತಿಯಲ್ಲೋ ಬಡತನದಲ್ಲೋ ಇದ್ದಾಗ, 'ನೀನು ಧೈರ್ಯ ತಗೋ' ಅಂತ ಅವನಿಗೇ ಹೇಳಿದರೆ ಸಾಲದು. ಆಪ್ತಸಮಾಲೋಚನೆ ಬೇಕು, ನಿಜ. ನ್ಯಾಯವೂ ಬೇಕು.

ಬಳ್ಳಾರಿ ಕಲಿಸಿದ ಪಾಠ

ಈಗ ಕಥೆಯ ಮುಖ್ಯ ತಿರುವು. ಇದು ನಡೆದದ್ದು ನಮ್ಮ ಕಲ್ಯಾಣ ಕರ್ನಾಟಕದಲ್ಲೇ. ನಮ್ಮವರಿಗೇ ಇದು ಅಷ್ಟಾಗಿ ಗೊತ್ತಿಲ್ಲ.

1970ರ ದಶಕದಲ್ಲಿ ನಿಮ್ಹಾನ್ಸ್‌ನವರಿಗೆ ಒಂದು ಲೆಕ್ಕ ಸ್ಪಷ್ಟ ಆಯ್ತು. ದೇಶದಲ್ಲಿ ಮನೋವೈದ್ಯರು ಬೆರಳೆಣಿಕೆ, ಊರುಗಳು ಲಕ್ಷಗಟ್ಟಲೆ. ಎಷ್ಟು ಡಾಕ್ಟರುಗಳನ್ನ ತಯಾರು ಮಾಡಿದರೂ ಎಲ್ಲರೂ ಊರಿಗೆ ಬರೋದು ಆಗದ ಮಾತು. ಹಂಗಾದರೆ ಊರಿನಲ್ಲಿ ಈಗಾಗಲೇ ಇರುವವರಿಗೇ ಕಲಿಸಿದರೆ ಹೆಂಗ? ಬೆಂಗಳೂರಿನ ಹತ್ತಿರ ಸಕಲವಾರ ಅನ್ನೋ ಹಳ್ಳಿಯಲ್ಲಿ ಇದನ್ನ ಮೊದಲು ಮಾಡಿ ನೋಡಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನ ಇಡೀ ಒಂದು ಜಿಲ್ಲೆಯಲ್ಲಿ ಮಾಡಿ ತೋರಿಸಬೇಕಿತ್ತು. ಆರಿಸಿಕೊಂಡದ್ದು ಬಳ್ಳಾರಿಯನ್ನ.

1985ರಿಂದ 1990ರ ತನಕ ಅಲ್ಲಿ ನಡೆದದ್ದು ಇಷ್ಟು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಸಣ್ಣ ತರಬೇತಿ ಕೊಟ್ಟರು. ಮೂರ್ಛೆ ರೋಗ ಹೆಂಗ ಗುರುತಿಸೋದು, ಖಿನ್ನತೆ ಅಂದ್ರೆ ಏನು, ತೀವ್ರ ಮಾನಸಿಕ ಕಾಯಿಲೆ ಇದ್ದರೆ ಏನು ಮಾಡೋದು. ಕೆಲವೇ ಕೆಲವು ಅಗತ್ಯದ ಔಷಧಿ ಆರೋಗ್ಯ ಕೇಂದ್ರದಲ್ಲೇ ಸಿಗುವ ಹಂಗ ಮಾಡಿದರು. ಜಿಲ್ಲಾ ಮಟ್ಟದಲ್ಲಿ ಒಂದು ತಂಡ, ಕಷ್ಟದ ಕೇಸು ಬಂದರೆ ನೋಡಲಿಕ್ಕೆ. ದೂರದ ಆಸ್ಪತ್ರೆ ಕೊನೆಯ ಮೆಟ್ಟಿಲಾಯ್ತು, ಊರಿನ ನರ್ಸಕ್ಕ ಮೊದಲ ಮೆಟ್ಟಿಲಾದಳು.

ಈ ಕೆಲಸದ ಹಿಂದೆ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್ ಮುಂತಾದವರಿದ್ದರು. ಆರೋಗ್ಯ ಕಾರ್ಯಕರ್ತರಿಗಾಗಿ ಇವರ ಜೊತೆ ಕೈಪಿಡಿ ಬರೆದ ಡಾ. ಸಿ.ಆರ್. ಚಂದ್ರಶೇಖರ್ ಹೆಸರನ್ನ ನೀವು ಪುಸ್ತಕದಂಗಡಿಯಲ್ಲಿ ನೋಡಿರ್ತೀರಿ. ಮನಸ್ಸಿನ ಕಾಯಿಲೆ ಬಗ್ಗೆ ಕನ್ನಡದಲ್ಲಿ, ಯಾರಿಗೂ ತಿಳಿಯುವ ಮಾತಿನಲ್ಲಿ, ದಶಕಗಳ ಕಾಲ ಬರೆದವರು. ನಮ್ಮ ಅವ್ವಂದಿರು 'ಖಿನ್ನತೆ' ಅನ್ನೋ ಶಬ್ದ ಮೊದಲು ಓದಿದ್ದು ಇಂಥವರು ವಾರಪತ್ರಿಕೆಗಳಲ್ಲಿ ಬರೆದ ಲೇಖನದಲ್ಲೇ ಇದ್ದಿರಬೇಕು.

ಬಳ್ಳಾರಿಯಲ್ಲಿ ಮಾಡಿದ್ದು ದೇಶಕ್ಕೇ ಮಾದರಿ ಆಯ್ತು. 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಇದೇ ಅಚ್ಚಿನ ಮೇಲೆ. 11ನೇ ಪಂಚವಾರ್ಷಿಕ ಯೋಜನೆಯಲ್ಲಿ, ಅಂದ್ರೆ 2007ರ ನಂತರ, ಆ ಕಾರ್ಯಕ್ರಮಕ್ಕೆ ಹೊಸ ಕೆಲಸಗಳು ಸೇರಿದವು. ಶಾಲೆಯಲ್ಲಿ ಜೀವನ ಕೌಶಲ ಶಿಕ್ಷಣ, ಕಾಲೇಜಿನಲ್ಲಿ ಆಪ್ತಸಮಾಲೋಚನೆ, ಆತ್ಮಹತ್ಯೆ ತಡೆ. ಕಾಲೇಜಿನಲ್ಲಿ ಈ ಕೆಲಸಕ್ಕೆ ಮೇಷ್ಟ್ರುಗಳಿಗೇ ತರಬೇತಿ ಕೊಡಬೇಕು ಅನ್ನೋದು ಅದರ ಯೋಚನೆ. ಬಳ್ಳಾರಿಯ ನರ್ಸಕ್ಕನ ಜಾಗದಲ್ಲಿ ಈಗ ಕಾಲೇಜಿನ ಲೆಕ್ಚರರ್.

ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ಸಾರ ಇಲ್ಲೇ ಇದೆ. ದೊಡ್ಡ ಡಾಕ್ಟರ್ ಬರಲಿ ಅಂತ ಕಾದು ಕೂತಾಗ ದೂರ ಕಮ್ಮಿ ಆಗಲಿಲ್ಲ. ಪಕ್ಕದಲ್ಲಿರೋ ಮನುಷ್ಯನಿಗೆ ಕೇಳುವ ವಿದ್ಯೆ ಕಲಿಸಿದಾಗ ಕಮ್ಮಿ ಆಯ್ತು.

ಕಾನೂನು ಎಲ್ಲಿಗೆ ಬಂತು

1912ರ ಕಾಯ್ದೆಯ ಜಾಗಕ್ಕೆ 1987ರಲ್ಲಿ ಹೊಸ ಕಾಯ್ದೆ ಬಂತು, ಜಾರಿ ಆದದ್ದು 1993ರಲ್ಲಿ. ಅದಾದ ಮೇಲೆ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2018ರ ಮೇ 29ರಿಂದ ಜಾರಿ. ಇದರಲ್ಲಿ ಮೂರು ವಿಷಯ ನಿಮಗೆ ಗೊತ್ತಿರಲೇಬೇಕು.

ಒಂದು, ಮಾನಸಿಕ ಆರೋಗ್ಯ ಸೇವೆ ಪಡೆಯೋದು ನಿಮ್ಮ ಹಕ್ಕು. ಯಾರೂ ಕೊಡುವ ಉಪಕಾರ ಅಲ್ಲ.

ಎರಡು, ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿ ಇಡಬೇಕು. ಜೀವಕ್ಕೆ ಅಪಾಯ ಇರುವಂಥ ಕೆಲವು ಸಂದರ್ಭ ಬಿಟ್ಟರೆ ಅದನ್ನ ಊರಿಗೆಲ್ಲಾ ಹೇಳುವಂಗಿಲ್ಲ.

ಮೂರು, ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಕೊಡಬಾರದು. ಬ್ರಿಟಿಷರ ಕಾಲದ ಐಪಿಸಿ 309ರ ಪ್ರಕಾರ ಅದು ಅಪರಾಧ ಆಗಿತ್ತು. ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗ್ತದೆ ಅನ್ನೋ ಭಯಕ್ಕೆ ಎಷ್ಟೋ ಮನೆಗಳು ವಿಷಯ ಮುಚ್ಚಿಟ್ಟವು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಂ ಇಲ್ಲ.

ಇಷ್ಟಾದರೂ ಅಂಕಿ ಇಳಿಯಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಆತ್ಮಹತ್ಯೆಗಳು ದಾಖಲಾದವು. ಅದರಲ್ಲಿ ವಿದ್ಯಾರ್ಥಿಗಳು 13,044. ಪರೀಕ್ಷೆಯಲ್ಲಿ ಫೇಲಾದದ್ದೇ ಕಾರಣ ಅಂತ ಬರೆದುಕೊಂಡದ್ದು 2,248.

2025ರಲ್ಲಿ ಸುಪ್ರೀಂ ಕೋರ್ಟ್ ಎರಡು ಸಲ ಈ ವಿಷಯಕ್ಕೆ ಕೈ ಹಾಕಿತು. ಮಾರ್ಚ್ 24ಕ್ಕೆ, ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳ ಬಗ್ಗೆ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಜುಲೈ 25ಕ್ಕೆ, ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದ್ತಿದ್ದ ಹದಿನೇಳು ವರ್ಷದ ಹುಡುಗಿಯ ಸಾವಿನ ಪ್ರಕರಣದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ 15 ಮಾರ್ಗಸೂಚಿ ಕೊಟ್ಟಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರು, ಮನಃಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರು ಇರಬೇಕು. ಅದಕ್ಕಿಂತ ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು. ಟೆಲಿ ಮಾನಸ್‌ನಂಥ ಸಹಾಯವಾಣಿಯ ನಂಬರನ್ನ ಹಾಸ್ಟೆಲ್, ಕ್ಲಾಸ್‌ರೂಮ್, ವೆಬ್‌ಸೈಟ್ ಎಲ್ಲಾ ಕಡೆ ದೊಡ್ಡ ಅಕ್ಷರದಲ್ಲಿ ಹಾಕಬೇಕು. ಮಾರ್ಕ್ಸ್ ನೋಡಿ ವಿದ್ಯಾರ್ಥಿಗಳನ್ನ ಬೇರೆ ಬೇರೆ ಬ್ಯಾಚ್ ಮಾಡೋದು, ಎಲ್ಲರ ಎದುರಿಗೆ ಅವಮಾನ ಮಾಡೋದು ಬಂದ್ ಆಗಬೇಕು. ಸರ್ಕಾರ ಸರಿಯಾದ ಕಾಯ್ದೆ ಮಾಡುವ ತನಕ ಇವೇ ಕಾನೂನು ಇದ್ದಂಗ ಅಂತಲೂ ಕೋರ್ಟ್ ಹೇಳಿತು.

ನೂರು ವಿದ್ಯಾರ್ಥಿಗಳು ಅಂದ್ರೆ ಎಷ್ಟು? ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿಯ ಡಿಗ್ರಿ ಕಾಲೇಜುಗಳೂ ಇದರೊಳಗೆ ಬರ್ತವೆ. ಇದು ಬೆಂಗಳೂರಿನವರಿಗೆ ಮಾತ್ರ ಅಂತ ತಿಳ್ಕೋಬ್ಯಾಡ್ರಿ.

ಇನ್ನೂ ಉಳಿದ ದೂರ

2022ರ ಅಕ್ಟೋಬರ್ 10ಕ್ಕೆ, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಟೆಲಿ ಮಾನಸ್ ಶುರುವಾಯ್ತು. 14416. ಐದು ಅಂಕಿ. ಇದರ ತಾಂತ್ರಿಕ ಮಾರ್ಗದರ್ಶನ ನಿಮ್ಹಾನ್ಸ್‌ನದ್ದು. ಒಮ್ಮೆ ಎರಡು ರೈಲು ಹತ್ತಿ ಜಾಲನಾಕ್ಕೆ ಹೋಗಬೇಕಿದ್ದ ದೂರ ಈಗ ಜೇಬಿನೊಳಗೆ ಬಂದು ಕೂತಿದೆ. ಫೋನ್ ಮಾಡಿದರೆ ಭಾಷೆ ಆರಿಸಿಕೊಳ್ಳಬಹುದು. ಮೊದಲು ತರಬೇತಿ ಪಡೆದ ಸಮಾಲೋಚಕರು ಮಾತಾಡ್ತಾರೆ. ಅಗತ್ಯ ಅನಿಸಿದರೆ ಮನೋವೈದ್ಯರ ತನಕ ಕರೆ ಹೋಗ್ತದೆ, ಇಲ್ಲಾ ಹತ್ತಿರದ ಆಸ್ಪತ್ರೆಗೆ ಕಳಿಸ್ತಾರೆ.

ಹಂಗಾದರೆ ದೂರ ಮುಗೀತಾ? ಕಿಲೋಮೀಟರ್ ಲೆಕ್ಕದಲ್ಲಿ ಮುಗೀತು. ಇನ್ನೊಂದು ದೂರ ಉಳಿದಿದೆ.

ಒಂದೇ ಕೋಣೆಯ ಮನೆಯಲ್ಲಿ ಹುಡುಗಿ ಎಲ್ಲಿ ಕೂತು ಫೋನ್ ಮಾಡಬೇಕು? ಫೋನೇ ಅಣ್ಣನದ್ದು ಆಗಿದ್ದರೆ? 'ನಿನಗೇನ್ ತಲಿ ಕೆಟ್ಟಾದೇನು' ಅನ್ನೋ ಒಂದು ಮಾತಿಗೆ ಹೆದರಿ ಎಷ್ಟು ಮಂದಿ ಬಾಯಿ ಮುಚ್ಚಿಕೊಂಡಿಲ್ಲ? ಮದುವೆ ಮಾತುಕತೆಯಲ್ಲಿ ಅಡ್ಡ ಬರ್ತದೆ ಅಂತ ಚೀಟಿ ಹರಿದು ಹಾಕಿದ ಮನೆಗಳಿಲ್ಲವಾ? 2015–16ರಲ್ಲಿ ನಿಮ್ಹಾನ್ಸ್ ಮಾಡಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ, ಕಾಯಿಲೆ ಯಾವುದು ಅನ್ನೋದರ ಮೇಲೆ, ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ಸಿಗ್ತಿರಲಿಲ್ಲ. ಅದರಲ್ಲಿ ಆಸ್ಪತ್ರೆ ಇಲ್ಲದ್ದು ಒಂದು ಕಾರಣ, ಹೇಳಿಕೊಳ್ಳಲಿಕ್ಕೆ ಆಗದ್ದು ಇನ್ನೊಂದು.

ಕಾಲೇಜಿನ ಕಡೆ ನೋಡಿದರೆ ಅಲ್ಲೂ ಒಂದು ದೂರ. ನ್ಯಾಕ್ ಮೌಲ್ಯಮಾಪನದಲ್ಲಿ ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳು ಅಂತ ಕೇಳ್ತಾರೆ. ಹಂಗಾಗಿ ಕಾಲೇಜುಗಳಲ್ಲಿ ಮೆಂಟರ್ ಫೈಲ್ ಇರ್ತದೆ, ಪಟ್ಟಿ ಇರ್ತದೆ, ಸಹಿ ಇರ್ತದೆ. ಯೋಚನೆ ಬಳ್ಳಾರಿಯದ್ದೇ, ಪಕ್ಕದ ಮನುಷ್ಯನೇ ಕೇಳಬೇಕು ಅನ್ನೋದು. ಆದರೆ ಬಳ್ಳಾರಿಯಲ್ಲಿ ತರಬೇತಿ ಇತ್ತು, ಔಷಧಿ ಇತ್ತು, ಕಷ್ಟ ಆದರೆ ಕಳಿಸಲಿಕ್ಕೆ ಮೇಲೊಂದು ತಂಡ ಇತ್ತು. ಈ ಮೂರೂ ಇಲ್ಲದ ಮೆಂಟರ್ ಫೈಲ್, ತಪಾಸಣೆ ತಂಡ ಬಂದಾಗ ಕಪಾಟಿನಿಂದ ಹೊರಗೆ ಬರುವ ಫೈಲ್ ಅಷ್ಟೇ ಆಗ್ತದೆ.

ಮತ್ತೆ ಫಲಿತಾಂಶದ ದಿನ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ–1ರಲ್ಲಿ ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲು, ಕಲಬುರಗಿ ಶೇ 42.43ರೊಂದಿಗೆ ಕೊನೆ. ಕೊನೆಯ ಸ್ಥಾನ ಅಂತ ಟಿವಿಯಲ್ಲಿ ಓಡುವ ಸಾಲಿನ ಹಿಂದೆ ಸಾವಿರಾರು ಹದಿನಾರು ವರ್ಷದ ಮಕ್ಕಳಿದ್ದಾರೆ. ಅವರೇ ನಾಳೆ ಪಿಯುಸಿಗೆ, ಡಿಗ್ರಿಗೆ ಬರುವವರು. ಇಲ್ಲಿ ಒಂದು ಒಳ್ಳೇ ಬದಲಾವಣೆಯನ್ನೂ ಹೇಳಬೇಕು. 2023–24ರಲ್ಲಿ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಗೆ ವರ್ಷದಲ್ಲಿ ಮೂರು ಪರೀಕ್ಷೆ ಮಾಡುವ ಪದ್ಧತಿ ಬಂತು. ಒಂದರಲ್ಲಿ ಹೋದರೆ ವರ್ಷವೇ ಹೋಯ್ತು ಅನ್ನೋ ಹಾಗಿಲ್ಲ. ಫೇಲಾದವರಿಗೆ ತಕ್ಷಣ ಇನ್ನೊಂದು ಅವಕಾಶ ಕೊಡಬೇಕು ಅಂತ ಚೆನ್ನೈಯಲ್ಲಿ 1986ರಲ್ಲಿ 'ಸ್ನೇಹಾ' ಸಂಸ್ಥೆ ಶುರು ಮಾಡಿದ ಡಾ. ಲಕ್ಷ್ಮಿ ವಿಜಯಕುಮಾರ್ ಭಾಳ ವರ್ಷದಿಂದ ಹೇಳ್ತಿದ್ದರು. ಎಲ್ಲಾ ಸಹಾಯ ಆಪ್ತಸಮಾಲೋಚಕರ ಕೋಣೆಯಲ್ಲೇ ಸಿಗಬೇಕು ಅಂತಿಲ್ಲ. ಪರೀಕ್ಷೆಯ ವೇಳಾಪಟ್ಟಿಯೂ ಜೀವ ಉಳಿಸಬಹುದು.

ನೀವು ಕೇಳಬೇಕಾದದ್ದು

ಚರಿತ್ರೆ ಕೇಳಿ ಮುಗಿಸೋದಕ್ಕಿಂತ ಅದರಿಂದ ಒಂದೆರಡು ಪ್ರಶ್ನೆ ಜೇಬಿಗೆ ಹಾಕ್ಕೊಂಡು ಹೋಗ್ರಿ.

ನಿಮ್ಮ ಕಾಲೇಜಿನ ಪ್ರಿನ್ಸಿಪಾಲರನ್ನ ಕೇಳ್ರಿ: ಸರ್, ಮೇಡಂ, ನಮ್ಮಲ್ಲಿ ಆಪ್ತಸಮಾಲೋಚಕರು ಯಾರು? ಯಾವ ದಿನ ಸಿಗ್ತಾರೆ? ಅವರ ಕೋಣೆಗೆ ಬಾಗಿಲು ಇದೆಯಾ, ಆಫೀಸಿನ ನಡುವೆ ಕೂರ್ತಾರಾ? ನಮ್ಮ ಮೆಂಟರ್‌ಗಳಿಗೆ ಈ ವರ್ಷ ತರಬೇತಿ ಆಯ್ತಾ? ಸುಪ್ರೀಂ ಕೋರ್ಟ್ ಮಾತು ನಿಮ್ಮ ಹಿಂದಿದೆ, ಹೆದರಿಕೊಳ್ಳಬ್ಯಾಡ್ರಿ. ಒಬ್ಬರೇ ಹೋಗಲಿಕ್ಕೆ ಅಳುಕಾದರೆ ನಾಲ್ಕು ಮಂದಿ ಸೇರಿ ಹೋಗ್ರಿ.

ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಬಗ್ಗೆ ವಿಚಾರಿಸ್ರಿ. ಯಾವ ಮಂಗಳವಾರ ಮನೋವೈದ್ಯರು ಬರ್ತಾರೆ ಅಂತ ಮೊದಲೇ ತಿಳ್ಕೊಂಡು ಹೋದರೆ ಬಸ್ ಚಾರ್ಜ್ ಉಳೀತದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ 'ಯುವ ಸ್ಪಂದನ' ಅನ್ನೋ ಕಾರ್ಯಕ್ರಮ ಮಾಡಿದೆ. ಅದರಲ್ಲಿ ಕೆಲಸ ಮಾಡುವ 'ಯುವ ಪರಿವರ್ತಕರು' ನಿಮ್ಮ ವಯಸ್ಸಿನವರೇ, ಸ್ಥಳೀಯರೇ, ತರಬೇತಿ ಪಡೆದವರು. ಮತ್ತೆ ಅದೇ ಬಳ್ಳಾರಿಯ ಪಾಠ.

ರೂಮ್‌ಮೇಟ್ ಊಟ ಬಿಟ್ಟಿದ್ದರೆ, ಎಲ್ಲರಿಂದ ದೂರ ಸರೀತಿದ್ದರೆ, ತನ್ನ ಸಾಮಾನನ್ನೆಲ್ಲಾ ಹಂಚಿಬಿಡ್ತಿದ್ದರೆ, 'ನಾನಿಲ್ಲದಿದ್ರೆ ಎಲ್ಲರಿಗೂ ಆರಾಮ' ಅಂತ ನಗ್ತಾ ಹೇಳಿದರೂ ಸೈತ, ಅದನ್ನ ತಮಾಷೆ ಅಂತ ಬಿಡಬ್ಯಾಡ್ರಿ. ಪಕ್ಕದಲ್ಲಿ ಕೂತು ನೇರವಾಗಿ ಕೇಳ್ರಿ, 'ಸಾಯೋ ಯೋಚನೆ ಬರ್ತದೇನು?' ಕೇಳಿದರೆ ಆ ಯೋಚನೆ ತಲೆಗೆ ಹಾಕಿದಂಗಾಗ್ತದೆ ಅನ್ನೋದು ತಪ್ಪು ತಿಳಿವಳಿಕೆ. ಬುದ್ಧಿ ಹೇಳಲಿಕ್ಕೆ ಹೋಗಬ್ಯಾಡ್ರಿ. ಕೇಳ್ರಿ, ಒಬ್ಬರನ್ನೇ ಬಿಡಬ್ಯಾಡ್ರಿ, 14416ಕ್ಕೆ ಜೊತೆಯಲ್ಲೇ ಕೂತು ಫೋನ್ ಮಾಡ್ರಿ, ದೊಡ್ಡವರಲ್ಲಿ ನಂಬಿಕಸ್ಥರು ಒಬ್ಬರಿಗೆ ತಿಳಿಸ್ರಿ. ಅಪಾಯ ಕಣ್ಣೆದುರಿಗೇ ಇದ್ದರೆ 112ಕ್ಕೆ ಕರೆ ಮಾಡ್ರಿ.

ದರ್ಗಾಕ್ಕೋ ಗುಡಿಗೋ ಹೋಗೋಣ ಅಂತ ಮನೆಯವರು ಅಂದರೆ ಜಗಳ ಮಾಡಬ್ಯಾಡ್ರಿ. ಹೋಗಿ ಬರ್ರಿ. ಬರುವಾಗ ದಾರಿಯಲ್ಲಿ ಆಸ್ಪತ್ರೆಗೂ ಹೋಗಿ ಬರೋಣ ಅಂತ ಹೇಳ್ರಿ. ಎರಡೂ ಕಡೆ ಹೋಗಬಹುದು.

ಮುಂದಿನ ಸಂಚಿಕೆಯಲ್ಲಿ ಶಹಾಬಾದ ಕಲ್ಲಿನ ಕಥೆ ಹೇಳ್ತೀನಿ. ಈ ಸಂಚಿಕೆಯನ್ನ ನಿಮ್ಮ ಕಾಲೇಜಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕ್ರಿ. ಗ್ರೂಪಿನಲ್ಲಿ ಯಾರು ಸುಮ್ಮನಿದ್ದಾರೋ, ಭಾಳ ದಿನದಿಂದ ಏನೂ ಬರೆದಿಲ್ಲವೋ, ಅವರಿಗೆ ಇವತ್ತು ಬೇರೆಯಾಗಿ ಒಂದು ಫೋನ್ ಮಾಡ್ರಿ.